ರೌಡಿಗೆ ಕಾಗದಪತ್ರ, ಅಧ್ಯಕ್ಷನಿಗೆ ಹೆಲಿಕಾಪ್ಟರ್

2015ರ ಫೆಬ್ರವರಿಯಲ್ಲಿ ಮೊರಾಕೋ ದೇಶದಲ್ಲಿ ಉಡುಪಿಯವನೊಬ್ಬ ಸಿಕ್ಕಿಬಿದ್ದ. ಹೆಸರು ಬನ್ನಂಜೆ ರಾಜ. ಕರಾವಳಿಯ ಉದ್ಯಮಿಗಳ ನಿದ್ದೆಯನ್ನು ಫೋನ್‌ನಲ್ಲೇ ಕೆಡಿಸಿದ ಹೆಸರು ಅದು. ಇಂಟರ್‌ಪೋಲ್‌ನ ರೆಡ್ ಕಾರ್ನರ್ ನೋಟಿಸ್ ಅವನ ಮೇಲಿತ್ತು. ಹಾಗಂತ ಮರುದಿನವೇ ವಿಮಾನ ಹತ್ತಿಸಿ ಕರೆತರಲು ಆಗಲಿಲ್ಲ. ಕಡತಗಳು ಎರಡು ದೇಶಗಳ ನಡುವೆ ಓಡಾಡಿದವು. ಅಲ್ಲಿನವರು ಒಪ್ಪಿದ ಮೇಲೆ, ಆಗಸ್ಟ್‌ನಲ್ಲಿ, ನಮ್ಮ ಪೊಲೀಸರ ಕೈಗೆ ಸಿಕ್ಕ. 2022ರಲ್ಲಿ ಬೆಳಗಾವಿಯ ಕೋಕಾ (ಸಂಘಟಿತ ಅಪರಾಧ ತಡೆ ಕಾಯ್ದೆ) ವಿಶೇಷ ನ್ಯಾಯಾಲಯ ಅಂಕೋಲಾದ ಉದ್ಯಮಿಯೊಬ್ಬರ ಕೊಲೆ ಕೇಸಿನಲ್ಲಿ ಅವನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು.

ಮಲ್ಪೆ ಮೂಲದ ರವಿ ಪೂಜಾರಿಯದು ಇನ್ನೂ ಉದ್ದದ ಕಥೆ. ಆಂಟನಿ ಫರ್ನಾಂಡಿಸ್ ಅಂತ ಹೆಸರಿಟ್ಟುಕೊಂಡು ಸೆನೆಗಲ್‌ನಲ್ಲಿದ್ದ. 2019ರ ಜನವರಿಯಲ್ಲಿ ಅಲ್ಲಿನ ಪೊಲೀಸರು ಹಿಡಿದರು. ಜಾಮೀನು ಸಿಕ್ಕಿದ್ದೇ ತಡ, ತಪ್ಪಿಸಿಕೊಂಡ. ದಕ್ಷಿಣ ಆಫ್ರಿಕಾದಲ್ಲಿ ಮತ್ತೆ ಸಿಕ್ಕಿ, 2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ಬಂದ. ಹಿಡಿದದ್ದರಿಂದ ತಂದದ್ದರ ತನಕ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ಈಗ 2026ರ ಜನವರಿ 3ಕ್ಕೆ ಬನ್ನಿ. ನಸುಕಿನ ಹೊತ್ತಿಗೆ ವೆನೆಜುವೆಲಾದ ರಾಜಧಾನಿ ಕರಾಕಸ್ ಮೇಲೆ ಅಮೆರಿಕದ ವಿಮಾನಗಳು, ಹೆಲಿಕಾಪ್ಟರ್‌ಗಳು ಬಂದವು. ಅಮೆರಿಕದ ಸೇನಾ ಮುಖ್ಯಸ್ಥರೇ ಹೇಳಿದ ಪ್ರಕಾರ 150ಕ್ಕೂ ಜಾಸ್ತಿ. ಕೆಲವೇ ಗಂಟೆಗಳಲ್ಲಿ ಆ ದೇಶದ ಅಧ್ಯಕ್ಷ ನಿಕೋಲಸ್ ಮಡುರೊ ಮತ್ತು ಅವರ ಹೆಂಡತಿ ಸಿಲಿಯಾ ಫ್ಲೋರೆಸ್ ಅಮೆರಿಕದ ಕೈಯಲ್ಲಿದ್ದರು. ಜನವರಿ 5ಕ್ಕೆ ಇಬ್ಬರೂ ನ್ಯೂಯಾರ್ಕ್‌ನ ಮ್ಯಾನ್‌ಹಟನ್ ಕೋರ್ಟಿನಲ್ಲಿ ನಿಂತು ತಪ್ಪೊಪ್ಪಿಕೊಳ್ಳುವುದಿಲ್ಲ ಅಂದರು. ಅವರ ಮೇಲಿರುವುದು ಕೊಕೇನ್ ಸಾಗಣೆ, ಮಾದಕವಸ್ತು ಭಯೋತ್ಪಾದನೆಯ ಸಂಚು ಇತ್ಯಾದಿ ಆರೋಪಗಳು. ಮಡುರೊ ವಿರುದ್ಧದ ಮೊದಲ ದೋಷಾರೋಪ ಪಟ್ಟಿ 2020ರ ಮಾರ್ಚ್‌ನಲ್ಲೇ ಹೊರಬಂದಿತ್ತು. ತಲೆಗೆ ಕಟ್ಟಿದ ಬಹುಮಾನ 15 ಮಿಲಿಯನ್ ಡಾಲರ್‌ನಿಂದ ಶುರುವಾಗಿ 2025ರ ಆಗಸ್ಟ್ ಹೊತ್ತಿಗೆ 50 ಮಿಲಿಯನ್‌ಗೆ ಏರಿತ್ತು.

ಅಂದಿನಿಂದ ನಮ್ಮೂರಿನ ವಾಟ್ಸಾಪ್ ಗುಂಪುಗಳಲ್ಲಿ, ಕೋರ್ಟ್ ಆವರಣದಲ್ಲಿ, ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿ ಎದುರು ಎರಡು ಗುಂಪು. "ಕಳ್ಳನನ್ನು ಹಿಡಿದದ್ದರಲ್ಲಿ ತಪ್ಪೇನು?" ಅನ್ನುವವರು ಒಂದು ಕಡೆ. "ಇದು ಹಗಲು ದರೋಡೆ" ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಒಂದೇ ಪ್ರಶ್ನೆಗೆ ಜಗಳ ಆಡುತ್ತಿದ್ದೇವೆ ಅಂದುಕೊಂಡಿದ್ದಾರೆ. ಅಸಲಿಗೆ ಇಲ್ಲಿರುವುದು ಎರಡು ಬೇರೆ ಪ್ರಶ್ನೆಗಳು. ಹೋಗಿ ಹಿಡಿದದ್ದು ಸರಿಯಾ ಎನ್ನುವುದು ಒಂದು. ಹಿಡಿದು ತಂದ ಮೇಲೆ ಆ ಕೋರ್ಟ್ ವಿಚಾರಣೆ ಮಾಡಬಹುದಾ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ "ಇಲ್ಲ" ಆಗಿದ್ದರೂ ಎರಡನೆಯದಕ್ಕೆ "ಹೌದು" ಇರಬಹುದು. ಕೇಳಲು ವಿಚಿತ್ರ, ಆದರೆ ಅಮೆರಿಕದ ಕಾನೂನು ಇರುವುದೇ ಹಾಗೆ.

ಮೊದಲನೆಯದು ಬೇಗ ಮುಗಿಯುತ್ತದೆ. ವಿಶ್ವಸಂಸ್ಥೆಯ ಸನ್ನದಿನ 2(4)ನೇ ವಿಧಿ ನೇರವಾಗಿದೆ. ಒಂದು ದೇಶ ಇನ್ನೊಂದು ದೇಶದ ನೆಲದ ಮೇಲೆ ಬಲಪ್ರಯೋಗ ಮಾಡಬಾರದು. ಇದಕ್ಕೆ ಎರಡೇ ವಿನಾಯಿತಿ. ಭದ್ರತಾ ಮಂಡಳಿ ಅನುಮತಿ ಕೊಟ್ಟಿರಬೇಕು, ಇಲ್ಲವೇ 51ನೇ ವಿಧಿಯಂತೆ ತನ್ನ ಮೇಲೆ ಸಶಸ್ತ್ರ ದಾಳಿ ನಡೆದು ಆತ್ಮರಕ್ಷಣೆಗೆ ಇಳಿದಿರಬೇಕು. ಭದ್ರತಾ ಮಂಡಳಿ ಅನುಮತಿ ಕೊಡಲಿಲ್ಲ. ಮಾದಕವಸ್ತು ಬಂದದ್ದು ಸಶಸ್ತ್ರ ದಾಳಿಗೆ ಸಮ ಅಂತ ವಾದಿಸಬಹುದು, ಆದರೆ ಅದನ್ನು ಒಪ್ಪುವ ಅಂತರರಾಷ್ಟ್ರೀಯ ಕಾನೂನು ಪಂಡಿತರು ತೀರಾ ಕಡಿಮೆ. ಕೊಕೇನ್‌ಗೆ ಬೇಕಾದ ಕೋಕಾ ಬೆಳೆಯುವುದು ಹೆಚ್ಚಾಗಿ ಕೊಲಂಬಿಯಾದಲ್ಲಿ. ಅಮೆರಿಕದಲ್ಲಿ ಅತಿ ಹೆಚ್ಚು ಜೀವ ತೆಗೆದ ಮಾದಕವಸ್ತು ಫೆಂಟನಿಲ್ ಬರುವುದು ಮುಖ್ಯವಾಗಿ ಮೆಕ್ಸಿಕೋ ದಾರಿಯಲ್ಲಿ.

ಅಮೆರಿಕ ಸರ್ಕಾರ ಹೇಳುವುದು ಇದು ಯುದ್ಧ ಅಲ್ಲ, ಪೊಲೀಸ್ ಕೆಲಸ, ಸೈನ್ಯ ರಕ್ಷಣೆಗೆ ಹೋಗಿತ್ತು ಅಷ್ಟೇ ಅಂತ. 150 ವಿಮಾನ ಜೊತೆಗಿರುವ ಪೊಲೀಸ್ ಕೆಲಸ! ಅದೇ ದಿನ ಅಧ್ಯಕ್ಷ ಟ್ರಂಪ್ ವೆನೆಜುವೆಲಾವನ್ನು ಸದ್ಯಕ್ಕೆ ತಾವೇ ನಡೆಸುತ್ತೇವೆ ಅಂದುಬಿಟ್ಟರು. ವಾರೆಂಟ್ ಜಾರಿ ಮಾಡಲು ಹೋದವರು ಊರನ್ನೇ ನಡೆಸುತ್ತೇವೆ ಅಂದರೆ ವಕೀಲರು ಕಟ್ಟಿದ ವಾದ ಅಲ್ಲೇ ಸಡಿಲವಾಗುತ್ತದೆ.

ಈ ವಾದಕ್ಕೆ ಹಳೆಯದೊಂದು ಬುನಾದಿಯೂ ಉಂಟು. 1980ರಲ್ಲಿ ಅಮೆರಿಕದ ನ್ಯಾಯ ಇಲಾಖೆಯ ಕಾನೂನು ಸಲಹಾ ಕಚೇರಿ, ಬೇರೆ ದೇಶಕ್ಕೆ ನುಗ್ಗಿ ಆರೋಪಿಯನ್ನು ಹೊತ್ತು ತರುವ ಅಧಿಕಾರ ಎಫ್‌ಬಿಐಗೆ ಇಲ್ಲ ಎಂದಿತ್ತು. 1989ರ ಜೂನ್‌ನಲ್ಲಿ ಅದೇ ಕಚೇರಿ ಮಾತು ಬದಲಿಸಿತು. ಆಗ ಅದರ ಮುಖ್ಯಸ್ಥ ವಿಲಿಯಂ ಬಾರ್. ವಿಶ್ವಸಂಸ್ಥೆಯ ಸನ್ನದಿಗೆ ವಿರುದ್ಧವಾದರೂ ಅಧ್ಯಕ್ಷ ಹೇಳಿದರೆ ತರಬಹುದು ಎಂದು ಬರೆದುಕೊಟ್ಟರು. ಇದು ಕೋರ್ಟ್ ತೀರ್ಪಲ್ಲ, ಸರ್ಕಾರದ ವಕೀಲ ಸರ್ಕಾರಕ್ಕೇ ಕೊಟ್ಟ ಸಲಹೆ. ಅದು ಬಂದ ಆರು ತಿಂಗಳಿಗೆ ಪನಾಮಾದ ಮೇಲೆ ದಾಳಿ ನಡೆಯಿತು. ಅಲ್ಲಿಗೆ ಆಮೇಲೆ ಬರುತ್ತೇನೆ.

ಎರಡನೇ ಪ್ರಶ್ನೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಉಡುಪಿಯ ಕಿರಿಯ ವಕೀಲರೊಬ್ಬರು ತಮ್ಮ ಸೀನಿಯರ್ ಹತ್ತಿರ ಕೇಳಿದ್ದು ಇದನ್ನೇ: "ಎತ್ತಾಕಿಕೊಂಡು ಬಂದದ್ದು ಅಂತ ಗೊತ್ತಿದ್ದೂ ಜಡ್ಜ್ ಸುಮ್ನೆ ಕೂತ್ಕೊಳ್ತಾರಾ ಸರ್?" ಸೀನಿಯರ್ ಹೇಳಿದ್ದು: "ಕೂತ್ಕೊಳ್ತಾರೆ ಮಾರಾಯ. ನೂರ ನಲವತ್ತು ವರ್ಷದಿಂದ ಕೂತಿದ್ದಾರೆ."

ಅವರ ಲೆಕ್ಕ ಸರಿ. 1886ರ ಕೇಸ್ ಅದು. ಫ್ರೆಡರಿಕ್ ಕರ್ ಎಂಬವನು ಶಿಕಾಗೋದಲ್ಲಿ ಬ್ಯಾಂಕಿನ ದುಡ್ಡು ನುಂಗಿ ಪೆರು ದೇಶಕ್ಕೆ ಓಡಿದ್ದ. ಅಮೆರಿಕಕ್ಕೂ ಪೆರುವಿಗೂ ಹಸ್ತಾಂತರ ಒಪ್ಪಂದ ಇತ್ತು. ಅಮೆರಿಕದ ಅಧ್ಯಕ್ಷರ ವಾರೆಂಟ್ ಹಿಡಿದುಕೊಂಡು ಹೆನ್ರಿ ಜೂಲಿಯನ್ ಎಂಬ ಏಜೆಂಟ್ ಲಿಮಾಕ್ಕೆ ಹೋದ. ಹೋದವನು ನೋಡಿದರೆ ಊರು ಚಿಲಿ ಸೈನ್ಯದ ವಶದಲ್ಲಿದೆ. ಕಾಗದ ಕೊಡೋಣ ಅಂದರೆ ತೆಗೆದುಕೊಳ್ಳುವ ಸರ್ಕಾರವೇ ಅಲ್ಲಿಲ್ಲ. ವಾರೆಂಟನ್ನು ಜೇಬಿನಿಂದ ಹೊರಗೇ ತೆಗೆಯದೆ ಕರ್‌ನನ್ನು ಬಲವಂತವಾಗಿ ಅಮೆರಿಕದ ಹಡಗಿಗೆ ಹತ್ತಿಸಿದ. ಹೊನಲುಲು, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿ ಇಲಿನಾಯ್‌ಗೆ ತಂದರು. ಕರ್ ಸುಪ್ರೀಂ ಕೋರ್ಟ್ ತನಕ ಹೋದ. ಕೋರ್ಟ್ ಹೇಳಿದ್ದು ಇಷ್ಟೇ: ಹೇಗೆ ಬಂದೆ ಎಂಬುದು ಇಲ್ಲಿ ಮುಖ್ಯ ಅಲ್ಲ, ಬಂದಿದ್ದೀಯಲ್ಲ, ವಿಚಾರಣೆ ಎದುರಿಸು. 1952ರಲ್ಲಿ ಫ್ರಿಸ್ಬಿ ಕೇಸಿನಲ್ಲಿ ಅದೇ ಮಾತು ಮತ್ತೆ ಬಂತು. ಅಲ್ಲಿನ ವಕೀಲರು ಇದನ್ನು ಕರ್-ಫ್ರಿಸ್ಬಿ ನಿಯಮ ಅನ್ನುತ್ತಾರೆ.

1990ರ ಏಪ್ರಿಲ್‌ನಲ್ಲಿ ಮೆಕ್ಸಿಕೋದ ಗ್ವಾಡಲಹಾರಾದಲ್ಲಿ ಉಂಬರ್ಟೊ ಆಲ್ವರೆಜ್ ಮಚೈನ್ ಎಂಬ ವೈದ್ಯರನ್ನು ಅವರ ಕ್ಲಿನಿಕ್‌ನಿಂದಲೇ ಎತ್ತಿ, ಸಣ್ಣ ವಿಮಾನದಲ್ಲಿ ಟೆಕ್ಸಾಸ್‌ಗೆ ತಂದರು. ಅಮೆರಿಕದ ಮಾದಕವಸ್ತು ತಡೆ ಅಧಿಕಾರಿಯೊಬ್ಬರನ್ನು 1985ರಲ್ಲಿ ಹಿಂಸಿಸಿ ಕೊಂದಾಗ ಈ ವೈದ್ಯರು ನೆರವಾದರು ಎಂಬುದು ಆರೋಪ. ಮೆಕ್ಸಿಕೋ ಪ್ರತಿಭಟಿಸಿತು. ಕೆಳಗಿನ ಕೋರ್ಟುಗಳು ವೈದ್ಯರ ಪರ ನಿಂತವು. ಸುಪ್ರೀಂ ಕೋರ್ಟ್ 1992ರಲ್ಲಿ 6-3 ಬಹುಮತದಿಂದ ಉಲ್ಟಾ ಹೊಡೆಯಿತು. ಮೆಕ್ಸಿಕೋ ಜೊತೆಗಿನ ಹಸ್ತಾಂತರ ಒಪ್ಪಂದದಲ್ಲಿ ಅಪಹರಣ ಮಾಡಬಾರದು ಅಂತ ಎಲ್ಲೂ ಬರೆದಿಲ್ಲವಲ್ಲ, ಎಂಬುದು ಬಹುಮತದ ವಾದ! ಕೊನೆಗೆ ಅದೇ ವರ್ಷ ಡಿಸೆಂಬರ್‌ನಲ್ಲಿ ವಿಚಾರಣಾ ನ್ಯಾಯಾಧೀಶರು ಸಾಕ್ಷ್ಯ ಸಾಲದು ಎಂದು ಅವರನ್ನು ಬಿಟ್ಟುಬಿಟ್ಟರು. ಒಬ್ಬ ಡಾಕ್ಟರನ್ನು ಗಡಿ ದಾಟಿಸಿ ಹೊತ್ತು ತಂದು, ಎರಡೂವರೆ ವರ್ಷಕ್ಕಿಂತ ಜಾಸ್ತಿ ಒಳಗಿಟ್ಟು, ಕೊನೆಗೆ ಕೈಯಲ್ಲಿ ಏನೂ ಇಲ್ಲ.

ಅಮೆರಿಕ ಅಂದರೆ ಹೀಗೇ ಅಂತ ಮೂಗು ಮುರಿಯುವ ಮೊದಲು ನಮ್ಮ ಮನೆಯನ್ನೂ ನೋಡಬೇಕು. 1910ರ ಜುಲೈ 8ರಂದು ಫ್ರಾನ್ಸ್‌ನ ಮಾರ್ಸೇ ಬಂದರಿನಲ್ಲಿ ಮೊರಿಯಾ ಎಂಬ ಹಡಗು ನಿಂತಿತ್ತು. ಲಂಡನ್‌ನಿಂದ ಮುಂಬೈಗೆ ಕೈದಿಯಾಗಿ ಬರುತ್ತಿದ್ದ ವಿನಾಯಕ ದಾಮೋದರ ಸಾವರ್ಕರ್ ಹಡಗಿನ ಕಿಟಕಿಯಿಂದ ಜಿಗಿದು, ಈಜಿ ದಡ ಸೇರಿದರು. ಫ್ರೆಂಚ್ ಪೊಲೀಸ್‌ನವನು ಹಿಡಿದು ನೇರ ಬ್ರಿಟಿಷರ ಕೈಗೆ ವಾಪಸ್ ಕೊಟ್ಟ. ಹಸ್ತಾಂತರದ ಯಾವ ಕಾಗದವೂ ಇಲ್ಲ. ಫ್ರಾನ್ಸ್‌ನಲ್ಲಿ ದೊಡ್ಡ ಗಲಾಟೆ ಆಯಿತು. ವಿಷಯ ಹೇಗ್‌ನ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಹೋಯಿತು. ಹಿಡಿದು ಒಪ್ಪಿಸಿದ್ದರಲ್ಲಿ ಕ್ರಮ ತಪ್ಪಿದೆ, ಆದರೂ ವಾಪಸ್ ಕೊಡಬೇಕು ಅನ್ನುವ ನಿಯಮ ಇಲ್ಲ ಎಂದು 1911ರ ಫೆಬ್ರವರಿಯಲ್ಲಿ ತೀರ್ಪಾಯಿತು. ಅಷ್ಟರೊಳಗೆ ಮುಂಬೈಯ ನ್ಯಾಯಾಧೀಶರೂ ಕರ್ ಕೇಸಿನ ಧಾಟಿಯಲ್ಲೇ, ಇಲ್ಲಿಗೆ ಹೇಗೆ ಬಂದರು ಎಂಬುದನ್ನು ನಾವು ನೋಡುವುದಿಲ್ಲ ಎಂದಿದ್ದರು. ಸಾವರ್ಕರ್ ಹೆಸರು ಬಂದ ಕೂಡಲೇ ನಮ್ಮಲ್ಲಿ ಮಾತು ಬೇರೆ ದಿಕ್ಕಿಗೆ ಹೋಗುತ್ತದೆ. ಅದನ್ನು ಇಲ್ಲಿ ಬಿಡೋಣ. ಕಾನೂನಿನ ಮಟ್ಟಿಗೆ, ಅಕ್ರಮವಾಗಿ ಹಿಡಿದವನ ವಿಚಾರಣೆ ಸಕ್ರಮವೇ ಎಂಬ ಪ್ರಶ್ನೆಗೆ ಅನೇಕ ಪಠ್ಯಪುಸ್ತಕಗಳು ಇಂದಿಗೂ ತೆರೆಯುವ ಪುಟ ಅದು.

ಇವತ್ತಿನ ಭಾರತದ ಕಾನೂನು ಎರಡೂ ಕಡೆ ವಾಲುತ್ತದೆ. ಅಕ್ರಮ ಶೋಧದಲ್ಲಿ ಸಿಕ್ಕ ಸಾಕ್ಷ್ಯವನ್ನೂ ಕೋರ್ಟ್ ಬಳಸಬಹುದು ಎಂದು 1973ರ ಪೂರನ್ ಮಲ್ ತೀರ್ಪು ಹೇಳುತ್ತದೆ. ಅದು ಕರ್ ಕೇಸಿನ ತಮ್ಮನ ಹಾಗಿದೆ. ಆದರೆ ಬಂಧನದ ವಿಷಯದಲ್ಲಿ ಸುಪ್ರೀಂ ಕೋರ್ಟ್ ಈಚೆಗೆ ಬಿಗಿಯಾಗಿದೆ. ಬಂಧನದ ಕಾರಣವನ್ನು ಬರವಣಿಗೆಯಲ್ಲಿ ಕೊಡಲಿಲ್ಲ ಎಂಬ ಒಂದೇ ಕಾರಣಕ್ಕೆ 2024ರ ಮೇ ತಿಂಗಳಲ್ಲಿ ಪತ್ರಕರ್ತ ಪ್ರಬೀರ್ ಪುರಕಾಯಸ್ಥ ಅವರ ಬಂಧನವನ್ನೇ ಅಸಿಂಧು ಮಾಡಿತು. ಒಂದು ಹಾಳೆ ಕೊಡದ ತಪ್ಪು.

ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ತೀರ್ಪು ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರದ ಏಜೆಂಟರು 1986ರಲ್ಲಿ ಎಎನ್‌ಸಿ ಹೋರಾಟಗಾರ ಇಬ್ರಾಹಿಂ ಇಸ್ಮಾಯಿಲ್ ಇಬ್ರಾಹಿಂ ಅವರನ್ನು ಪಕ್ಕದ ಸ್ವಾಜಿಲ್ಯಾಂಡ್‌ನಿಂದ ಹೊತ್ತು ತಂದರು. ದೇಶದ್ರೋಹಕ್ಕೆ 20 ವರ್ಷ ಶಿಕ್ಷೆಯೂ ಆಯಿತು. 1991ರಲ್ಲಿ ಅದೇ ದೇಶದ ಮೇಲ್ಮನವಿ ಕೋರ್ಟ್, ಸರ್ಕಾರವೇ ಅಪಹರಿಸಿ ತಂದವನನ್ನು ವಿಚಾರಿಸುವ ಅಧಿಕಾರ ನಮಗಿಲ್ಲ ಎಂದು ಶಿಕ್ಷೆ ರದ್ದು ಮಾಡಿತು. ಕೋರ್ಟಿಗೆ ಬರುವ ಸರ್ಕಾರ ಶುದ್ಧ ಕೈಯಲ್ಲಿ ಬರಬೇಕು ಅನ್ನುವುದು ಅವರ ತರ್ಕ. ಎರಡು ವರ್ಷದ ನಂತರ ಇಂಗ್ಲೆಂಡಿನ ಅತಿ ಉನ್ನತ ನ್ಯಾಯಪೀಠ ಕೂಡ ಬೆನೆಟ್ ಎಂಬವನ ಕೇಸಿನಲ್ಲಿ ಇದೇ ದಾರಿ ಹಿಡಿಯಿತು. ಹಾಗಾಗಿ ಕರ್ ನಿಯಮ ಜಗತ್ತಿನ ನಿಯಮ ಏನೂ ಅಲ್ಲ. ಅಮೆರಿಕ ಅದನ್ನು ಬಿಡಲು ಒಪ್ಪಿಲ್ಲ ಅಷ್ಟೇ.

ಅಲ್ಲಿಗೆ ಮಡುರೊ ವಕೀಲರಿಗೆ ಅಪಹರಣದ ವಾದದಿಂದ ದೊಡ್ಡ ಲಾಭ ಇಲ್ಲ. ನ್ಯೂಯಾರ್ಕ್ ಭಾಗದ ಮೇಲ್ಮನವಿ ಕೋರ್ಟ್ 1974ರಲ್ಲಿ ಟೊಸ್ಕಾನಿನೊ ಕೇಸಿನಲ್ಲಿ ಒಂದು ಸಣ್ಣ ಬಾಗಿಲು ತೆರೆದಿತ್ತು. ಹಿಡಿದು ತರುವಾಗ ಮೈ ನಡುಗುವ ಚಿತ್ರಹಿಂಸೆ ಕೊಟ್ಟಿದ್ದರೆ ಕೇಸ್ ಬಿಡಬಹುದು ಅಂತ. ಮರುವರ್ಷವೇ ಆ ಬಾಗಿಲನ್ನು ಬಹುತೇಕ ಮುಚ್ಚಿತು. ಉಳಿದಿರುವ ಬಲವಾದ ವಾದ ಒಂದೇ: ನಾನು ಒಂದು ದೇಶದ ಅಧ್ಯಕ್ಷ, ಬೇರೆ ದೇಶದ ಕೋರ್ಟಿಗೆ ನನ್ನನ್ನು ಮುಟ್ಟುವ ಹಕ್ಕಿಲ್ಲ.

ಈ ರಕ್ಷಣೆ ಎಷ್ಟು ಗಟ್ಟಿ ಅನ್ನುವುದು ಕರಾವಳಿಯವರಿಗೆ ಗೊತ್ತಿರಬೇಕು. 2012ರ ಫೆಬ್ರವರಿ 15ರಂದು ಕೇರಳದ ಕಡಲಲ್ಲಿ ಎನ್ರಿಕಾ ಲೆಕ್ಸಿ ಎಂಬ ಇಟಲಿಯ ಹಡಗಿನಿಂದ ಗುಂಡು ಹಾರಿ, ಸೇಂಟ್ ಆಂಟನಿ ಎಂಬ ಬೋಟಿನ ಇಬ್ಬರು ಮೀನುಗಾರರು ಸತ್ತರು. ಗುಂಡು ಹಾರಿಸಿದವರು ಇಟಲಿಯ ನೌಕಾಪಡೆಯ ಇಬ್ಬರು. ಕಡಲ್ಗಳ್ಳರು ಅಂದುಕೊಂಡೆವು ಎಂದರು. ಮಲ್ಪೆ ಬಂದರಿನಿಂದ, ಮಂಗಳೂರಿನ ದಕ್ಕೆಯಿಂದ ಕಡಲಿಗೆ ಇಳಿಯುವ ಪ್ರತಿ ಬೋಟಿನವರಿಗೂ ಅದು ನಮ್ಮದೇ ಸಾವು ಅನಿಸಿತ್ತು. ಎಂಟು ವರ್ಷ ಜಗಳ ಆಯಿತು. 2020ರಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿ ಹೇಳಿತು: ಅವರು ತಮ್ಮ ದೇಶದ ಅಧಿಕೃತ ಕೆಲಸದಲ್ಲಿದ್ದರು, ಹಾಗಾಗಿ ಭಾರತ ಅವರ ಮೇಲೆ ಕ್ರಿಮಿನಲ್ ಕೇಸ್ ನಡೆಸುವ ಹಾಗಿಲ್ಲ, ಇಟಲಿ ಪರಿಹಾರ ಕೊಡಬೇಕು. ಇಟಲಿ 10 ಕೋಟಿ ರೂಪಾಯಿ ಕಟ್ಟಿತು. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಕೇಸ್ ಮುಚ್ಚಿತು. ಹೊಟ್ಟೆ ಉರಿಯುವ ಫಲಿತಾಂಶವೇ ಸರಿ. ಆದರೂ ಭಾರತ ಪಾಲಿಸಿತು.

ಇಬ್ಬರು ಸಾಮಾನ್ಯ ಯೋಧರಿಗೆ, ಅದೂ ಮಾಡಿದ ಕೆಲಸದ ಮಟ್ಟಿಗೆ ಮಾತ್ರ, ಇಷ್ಟು ರಕ್ಷಣೆ. ಅಧಿಕಾರದಲ್ಲಿರುವ ರಾಷ್ಟ್ರಾಧ್ಯಕ್ಷ, ಪ್ರಧಾನಿ, ವಿದೇಶಾಂಗ ಸಚಿವರಿಗೆ ಇರುವುದು ಇದಕ್ಕಿಂತ ದೊಡ್ಡದು. ಕುರ್ಚಿಯಲ್ಲಿ ಇರುವ ತನಕ ಬೇರೆ ದೇಶದ ಯಾವ ಕೋರ್ಟೂ, ಯಾವ ಆರೋಪಕ್ಕೂ ಅವರನ್ನು ಹಿಡಿಯುವ ಹಾಗಿಲ್ಲ. ಕಾಂಗೋದ ವಿದೇಶಾಂಗ ಸಚಿವನ ಮೇಲೆ ಬೆಲ್ಜಿಯಂ ವಾರೆಂಟ್ ಹೊರಡಿಸಿದಾಗ ಅಂತರರಾಷ್ಟ್ರೀಯ ನ್ಯಾಯಾಲಯ 2002ರ ಫೆಬ್ರವರಿ 14ರಂದು ಇದನ್ನೇ ಹೇಳಿ ವಾರೆಂಟ್ ರದ್ದು ಮಾಡಿಸಿತು. ಆ ವಾರೆಂಟಿನಲ್ಲಿದ್ದದ್ದು ಜನಾಂಗ ದ್ವೇಷಕ್ಕೆ ಕುಮ್ಮಕ್ಕು ಕೊಟ್ಟ ಗಂಭೀರ ಆರೋಪ. ಆದರೂ ಹಿಡಿಯಲು ಬಿಡಲಿಲ್ಲ. ಕುರ್ಚಿ ಬಿಟ್ಟ ಮೇಲೆ ಕಥೆ ಬೇರೆ. ಚಿಲಿಯ ಮಾಜಿ ಸರ್ವಾಧಿಕಾರಿ ಪಿನೊಚೆಯನ್ನು 1998ರಲ್ಲಿ ಲಂಡನ್‌ನಲ್ಲಿ ಬಂಧಿಸಿದ್ದು, ಚಿತ್ರಹಿಂಸೆಯ ಆರೋಪಕ್ಕೆ ರಕ್ಷಣೆ ಇಲ್ಲ ಎಂದದ್ದು, ಅವನು ಮಾಜಿ ಆದದ್ದರಿಂದ.

ಹಾಗಾದರೆ ಮಡುರೊ ಗೆಲ್ಲಬೇಕಲ್ಲ? ಅಲ್ಲೇ ಇರುವುದು ಗಂಟು. ರಕ್ಷಣೆ ಇರುವುದು ಅಧ್ಯಕ್ಷನಿಗೆ. ಅಧ್ಯಕ್ಷ ಯಾರು ಅಂತ ಹೇಳುವವರು ಯಾರು? ಅಮೆರಿಕದ ಕೋರ್ಟುಗಳು ಈ ಪ್ರಶ್ನೆಯನ್ನು ತಮ್ಮ ಸರ್ಕಾರಕ್ಕೇ ಬಿಡುತ್ತವೆ. ಆ ಸರ್ಕಾರ 2019ರಿಂದಲೇ ಮಡುರೊ ಅವರನ್ನು ಅಧ್ಯಕ್ಷ ಎಂದು ಒಪ್ಪಿಲ್ಲ. ಹಿಡಿಯುವವರೂ ಅವರೇ, ಹಿಡಿಸಿಕೊಂಡವನಿಗೆ ರಕ್ಷಣೆ ಉಂಟಾ ಇಲ್ಲವಾ ಅಂತ ಹೇಳುವವರೂ ಅವರೇ. ಜಾಗದ ತಕರಾರಿನಲ್ಲಿ ಪಕ್ಕದ ಮನೆಯವನೇ ಸರ್ವೆ ಮಾಡಿ, ನಕ್ಷೆ ಬರೆದು, ಬೇಲಿಯನ್ನೂ ತಾನೇ ಹಾಕಿದ ಹಾಗೆ.

ಈ ದಾರಿ ತೋರಿಸಿದ್ದು ಪನಾಮಾದ ಜನರಲ್ ಮ್ಯಾನುಯೆಲ್ ನೊರಿಯೇಗ ಕೇಸ್. ಒಂದು ಕಾಲಕ್ಕೆ ಸಿಐಎಯಿಂದ ಹಣ ಪಡೆಯುತ್ತಿದ್ದವನು. 1988ರ ಫೆಬ್ರವರಿಯಲ್ಲಿ ಫ್ಲೋರಿಡಾದಲ್ಲಿ ಅವನ ಮೇಲೆ ಮಾದಕವಸ್ತು ಕೇಸ್ ಬಿತ್ತು. 1989ರ ಡಿಸೆಂಬರ್ 20ರಂದು ಅಮೆರಿಕದ ಸೈನ್ಯ ಪನಾಮಾಕ್ಕೆ ನುಗ್ಗಿತು. ಚುನಾವಣೆಯಲ್ಲಿ ಗೆದ್ದಿದ್ದ ಗಿಲ್ಲೆರ್ಮೊ ಎಂದಾರ ಅವರಿಗೆ ಅಮೆರಿಕದ ಸೇನಾ ನೆಲೆಯಲ್ಲೇ ಪ್ರಮಾಣವಚನ ಆಯಿತು. ನೊರಿಯೇಗ ಓಡಿ ವ್ಯಾಟಿಕನ್ ರಾಯಭಾರ ಕಚೇರಿಯೊಳಗೆ ಸೇರಿಕೊಂಡ. ರಾಯಭಾರ ಕಚೇರಿಗೆ ಸೈನಿಕರು ನುಗ್ಗುವ ಹಾಗಿಲ್ಲ. ಅವರು ಹೊರಗೆ ದೊಡ್ಡ ದೊಡ್ಡ ಲೌಡ್‌ಸ್ಪೀಕರ್ ಇಟ್ಟು ಹಗಲು ರಾತ್ರಿ ರಾಕ್ ಸಂಗೀತ ಹಾಕಿದರು. ಇಡೀ ದೇಶಕ್ಕೆ ನುಗ್ಗುವಾಗ ಅಡ್ಡ ಬಾರದ ಅಂತರರಾಷ್ಟ್ರೀಯ ಕಾನೂನು ಒಂದು ಕಟ್ಟಡದ ಗೇಟಿನಲ್ಲಿ ಮಾತ್ರ ನೆನಪಾಯಿತು! 1990ರ ಜನವರಿ 3ರಂದು ಅವನು ಹೊರಗೆ ಬಂದು ಶರಣಾದ. ಮಡುರೊ ಅವರನ್ನು ಹಿಡಿದದ್ದೂ ಜನವರಿ 3ಕ್ಕೇ, ಸರಿಯಾಗಿ 36 ವರ್ಷದ ನಂತರ.

ನೊರಿಯೇಗ ಕೂಡ ತಾನು ರಾಷ್ಟ್ರದ ಮುಖ್ಯಸ್ಥ ಎಂದು ವಾದಿಸಿದ. ಕೋರ್ಟ್ ಒಪ್ಪಲಿಲ್ಲ. ಅಮೆರಿಕ ಯಾವತ್ತೂ ನಿನ್ನನ್ನು ಹಾಗೆ ಗುರುತಿಸಿಲ್ಲ ಎಂದಿತು. ಆದರೆ ಎರಡು ಕೇಸುಗಳ ನಡುವೆ ವ್ಯತ್ಯಾಸ ಉಂಟು. ನೊರಿಯೇಗ ಸೇನಾ ಮುಖ್ಯಸ್ಥ. ಪನಾಮಾದ ಸಂವಿಧಾನದ ಪ್ರಕಾರ ಅಧ್ಯಕ್ಷನಾಗಿ ಯಾವತ್ತೂ ಆಯ್ಕೆಯಾದವನಲ್ಲ. ದಾಳಿಗೆ ಐದು ದಿನ ಮೊದಲು ಅಲ್ಲಿನ ಸಭೆ ಅವನನ್ನು ಸರ್ಕಾರದ ಮುಖ್ಯಸ್ಥ ಎಂದು ಘೋಷಿಸಿದ್ದು ಬಿಟ್ಟರೆ ಕೈಯಲ್ಲಿ ಏನೂ ಇರಲಿಲ್ಲ. ಮಡುರೊ 2013ರಿಂದ ಆ ಕುರ್ಚಿಯಲ್ಲಿದ್ದವರು. 2024ರ ಚುನಾವಣೆಯ ಮತ ಎಣಿಕೆಯ ಪೂರ್ತಿ ವಿವರವನ್ನು ಅವರ ಕಡೆಯವರು ಬಿಡುಗಡೆ ಮಾಡಲೇ ಇಲ್ಲ, ಅದು ನಿಜ. ಆದರೂ ವಿಶ್ವಸಂಸ್ಥೆಯಲ್ಲಿ ವೆನೆಜುವೆಲಾದ ಕುರ್ಚಿಯಲ್ಲಿ ಕೂತದ್ದು ಅವರ ಸರ್ಕಾರದ ಪ್ರತಿನಿಧಿಯೇ. 2025ರ ಜನವರಿಯಲ್ಲಿ ಟ್ರಂಪ್ ಅವರ ದೂತ ರಿಚರ್ಡ್ ಗ್ರೆನೆಲ್ ಕರಾಕಸ್‌ಗೆ ಹೋಗಿ, ಕೈ ಕುಲುಕಿ, ಆರು ಮಂದಿ ಅಮೆರಿಕನ್ನರನ್ನು ಬಿಡಿಸಿಕೊಂಡು ಬಂದದ್ದೂ ಇದೇ ಮಡುರೊ ಹತ್ತಿರದಿಂದ.

ಇನ್ನೂ ಒಂದು ಉಂಟು. ಹಿಡಿದ ಮೇಲೆ ಅಲ್ಲಿ ಹಂಗಾಮಿ ಅಧ್ಯಕ್ಷೆ ಆದವರು ಡೆಲ್ಸಿ ರಾಡ್ರಿಗಸ್, ಮಡುರೊ ಅವರೇ ನೇಮಿಸಿದ ಉಪಾಧ್ಯಕ್ಷೆ. ಅಮೆರಿಕ ಮಾತುಕತೆ ನಡೆಸುತ್ತಿರುವುದು ಅವರ ಜೊತೆಗೇ. ಮಡುರೊ ಅಧ್ಯಕ್ಷರೇ ಅಲ್ಲ ಅಂದಮೇಲೆ ಅವರು ನೇಮಿಸಿದ ಉಪಾಧ್ಯಕ್ಷೆ ಯಾವ ಹಕ್ಕಿನಲ್ಲಿ ಆ ಕುರ್ಚಿಗೆ ಬಂದರು? ಈ ಪ್ರಶ್ನೆಗೆ ಸರ್ಕಾರಿ ವಕೀಲರು ಹೇಗೆ ಉತ್ತರ ಕೊಡುತ್ತಾರೋ ನೋಡಬೇಕು. ಕೋರ್ಟ್ ಆ ಉತ್ತರವನ್ನು ಕೆದಕಲು ಹೋಗುವುದಿಲ್ಲ ಅನ್ನುವುದು ನನ್ನ ಅಂದಾಜು. ವಿದೇಶಾಂಗದ ವಿಷಯದಲ್ಲಿ ಅಲ್ಲಿನ ನ್ಯಾಯಾಧೀಶರು ಸರ್ಕಾರದ ಮಾತಿಗೆ ಅಡ್ಡ ಹೋಗುವುದು ಅಪರೂಪ.

ಇಷ್ಟು ಹೇಳಿದ್ದಕ್ಕೆ ಮಡುರೊ ಪರ ವಕಾಲತ್ತು ಅಂದುಕೊಳ್ಳಬೇಡಿ. ಸುಮಾರು 80 ಲಕ್ಷ ಜನ ಆ ದೇಶ ಬಿಟ್ಟು ಹೋಗಿದ್ದಾರೆ. ಅಲ್ಲಿ ಮಾನವೀಯತೆಯ ವಿರುದ್ಧದ ಅಪರಾಧಗಳು ನಡೆದಿವೆ ಎಂದು ವಿಶ್ವಸಂಸ್ಥೆಯ ಸತ್ಯಶೋಧನಾ ತಂಡವೇ ವರದಿ ಕೊಟ್ಟಿದೆ. ಇಂಥವರಿಗೆಂದೇ ಹೇಗ್‌ನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಇದೆ. ವೆನೆಜುವೆಲಾ ಅದರ ಸದಸ್ಯ. 2021ರ ನವೆಂಬರ್‌ನಲ್ಲೇ ತನಿಖೆ ಶುರುವಾಗಿತ್ತು. ಅಮೆರಿಕ ಅದರ ಸದಸ್ಯನಲ್ಲ. ಅಷ್ಟೇ ಅಲ್ಲ, 2025ರಲ್ಲಿ ಆ ಕೋರ್ಟಿನ ಪ್ರಾಸಿಕ್ಯೂಟರ್ ಮತ್ತು ನ್ಯಾಯಾಧೀಶರ ಮೇಲೆಯೇ ನಿರ್ಬಂಧ ಹೇರಿತು. ಫಿಲಿಪ್ಪೀನ್ಸ್‌ನ ಮಾಜಿ ಅಧ್ಯಕ್ಷ ಡುಟರ್ಟೆಯನ್ನು 2025ರ ಮಾರ್ಚ್ 11ರಂದು ಮನಿಲಾ ವಿಮಾನ ನಿಲ್ದಾಣದಲ್ಲಿ ಹಿಡಿದು ಹೇಗ್‌ಗೆ ಕಳಿಸಿದ್ದು ಆ ಕೋರ್ಟಿನ ವಾರೆಂಟ್ ಮೇಲೆ. ಹಿಡಿದದ್ದು ಅವರದೇ ದೇಶದ ಪೊಲೀಸರು. ಅವಸರ ಮಾಡಿದರು ಎಂಬ ದೂರು ಅಲ್ಲೂ ಬಂತು. ಆದರೆ ಬೇರೆ ದೇಶದ ಸೈನ್ಯ ಮನಿಲಾಕ್ಕೆ ಇಳಿಯಲಿಲ್ಲ.

ಅಥವಾ ಹೊಂಡುರಾಸ್ ನೋಡಿ. ಅಲ್ಲಿನ ಅಧ್ಯಕ್ಷ ಹ್ವಾನ್ ಒರ್ಲಾಂಡೊ ಹೆರ್ನಾಂಡೆಜ್ ಮೇಲೆಯೂ ಇದೇ ಕೊಕೇನ್ ಆರೋಪ, ಅದೇ ಮ್ಯಾನ್‌ಹಟನ್ ಕೋರ್ಟ್. 2022ರ ಜನವರಿಯಲ್ಲಿ ಕುರ್ಚಿಯಿಂದ ಇಳಿಯುವ ತನಕ ಅಮೆರಿಕ ಕಾದಿತು. ಆಮೇಲೆ ಹಸ್ತಾಂತರ ಕೇಳಿತು. ಹೊಂಡುರಾಸ್‌ನ ಸುಪ್ರೀಂ ಕೋರ್ಟ್ ಒಪ್ಪಿತು. ಏಪ್ರಿಲ್‌ನಲ್ಲಿ ಅಮೆರಿಕಕ್ಕೆ ಕರೆತಂದರು. 2024ರಲ್ಲಿ ಅಪರಾಧ ಸಾಬೀತಾಗಿ 45 ವರ್ಷ ಶಿಕ್ಷೆ ಆಯಿತು. ಒಂದು ಗುಂಡೂ ಹಾರಲಿಲ್ಲ. ದಾರಿ ಇರಲಿಲ್ಲ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಮುಂದಿನದು ಓದಿದರೆ ನಗಬೇಕಾ ಅಳಬೇಕಾ ಗೊತ್ತಾಗುವುದಿಲ್ಲ. ಮಡುರೊ ಅವರನ್ನು ಹಿಡಿಯುವುದಕ್ಕೆ ಒಂದು ತಿಂಗಳು ಮೊದಲು, 2025ರ ಡಿಸೆಂಬರ್ ಶುರುವಿನಲ್ಲಿ, ಟ್ರಂಪ್ ಕ್ಷಮಾದಾನ ಕೊಟ್ಟು ಹೆರ್ನಾಂಡೆಜ್ ಜೈಲಿನಿಂದ ಹೊರಗೆ ಬಂದರು.

ಕಾಗದಪತ್ರದ ದಾರಿ ನಿಧಾನ ನಿಜ. ಬೇಜಾರು ಬರುತ್ತದೆ. ವಿಜಯ್ ಮಲ್ಯ 2016ರಲ್ಲಿ ಲಂಡನ್‌ಗೆ ಹೋದದ್ದನ್ನು ನೆನೆದು ಹಲ್ಲು ಕಡಿಯದವರು ಕರ್ನಾಟಕದಲ್ಲಿ ಕಡಿಮೆ. ಆದರೆ ಆ ಕಾಗದ ಕಟ್ಟಿಹಾಕುವುದು ಆರೋಪಿಯನ್ನು ಮಾತ್ರ ಅಲ್ಲ, ತರಿಸಿಕೊಂಡ ದೇಶವನ್ನೂ. ನಮ್ಮ 1962ರ ಹಸ್ತಾಂತರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಯಾವ ಅಪರಾಧಕ್ಕೆ ಅಂತ ಕೇಳಿ ತರಿಸಿಕೊಂಡೆವೋ ಅದನ್ನು ಬಿಟ್ಟು ಬೇರೆ ಕೇಸ್ ಹಾಕುವ ಹಾಗಿಲ್ಲ. ಅಬು ಸಲೇಂನನ್ನು 2005ರಲ್ಲಿ ಪೋರ್ಚುಗಲ್‌ನಿಂದ ತರುವಾಗ ಗಲ್ಲು ಇಲ್ಲ, 25 ವರ್ಷಕ್ಕಿಂತ ಜಾಸ್ತಿ ಜೈಲೂ ಇಲ್ಲ ಎಂದು ಭಾರತ ಮಾತು ಕೊಟ್ಟಿತ್ತು. ಮುಂಬೈ ಸ್ಫೋಟದ ಆರೋಪಿಗೆ ಕೊಟ್ಟ ಮಾತು! 2022ರಲ್ಲಿ ಸುಪ್ರೀಂ ಕೋರ್ಟ್, ಕೊಟ್ಟ ಮಾತನ್ನು ಸರ್ಕಾರ ಉಳಿಸಿಕೊಳ್ಳಬೇಕು ಎಂದಿತು. ಮಡುರೊ ವಿಷಯದಲ್ಲಿ ಅಮೆರಿಕ ಯಾರಿಗೂ ಯಾವ ಮಾತನ್ನೂ ಕೊಟ್ಟಿಲ್ಲ. ನಾಳೆ ಹೊಸ ಆರೋಪ ಸೇರಿಸಿದರೆ ಕೇಳುವವರಿಲ್ಲ. ಹೊತ್ತು ತರುವುದರಲ್ಲಿ ಸಮಯ ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ದೊಡ್ಡ ಲಾಭ ಈ ಸ್ವಾತಂತ್ರ್ಯ.

ಯಾರೂ ಏನೂ ಮಾಡಲು ಆಗುವುದಿಲ್ಲವಾ? ಭದ್ರತಾ ಮಂಡಳಿಯಲ್ಲಿ ಅಮೆರಿಕಕ್ಕೆ ವೀಟೋ ಇದೆ. ಪನಾಮಾ ದಾಳಿಯಾದಾಗ ಮಹಾಸಭೆ 75-20 ಮತಗಳಿಂದ ಖಂಡಿಸಿತ್ತು, 40 ದೇಶ ತಟಸ್ಥ. ನೊರಿಯೇಗನ ಕೇಸಿಗೆ ಅದರಿಂದ ಏನೂ ಆಗಲಿಲ್ಲ. ಈ ಸಲ ಭಾರತದ ವಿದೇಶಾಂಗ ಸಚಿವಾಲಯ ಕಳವಳ ವ್ಯಕ್ತಪಡಿಸಿತು, ಮಾತುಕತೆಯಲ್ಲಿ ಬಗೆಹರಿಸಿಕೊಳ್ಳಿ ಎಂದಿತು. ಜಾಣತನದ ಹೇಳಿಕೆ. ವಿದೇಶಿ ನಾಯಕರ ರಕ್ಷಣೆ ವಿಷಯದಲ್ಲಿ ನಮಗೆ ನಮ್ಮದೇ ಲೆಕ್ಕಾಚಾರವೂ ಇದೆ. ಹೇಗ್‌ನ ಅಪರಾಧ ನ್ಯಾಯಾಲಯದ ವಾರೆಂಟ್ ಇದ್ದ ಸುಡಾನ್‌ನ ಆಗಿನ ಅಧ್ಯಕ್ಷ ಬಶೀರ್ 2015ರಲ್ಲಿ ದಿಲ್ಲಿಗೆ ಬಂದು ಹೋದರು. ವಾರೆಂಟ್ ಇರುವ ಪುಟಿನ್ 2025ರ ಡಿಸೆಂಬರ್‌ನಲ್ಲಿ ಬಂದರು. ನಾವು ಆ ಕೋರ್ಟಿನ ಸದಸ್ಯರಲ್ಲ, ಹಿಡಿಯಬೇಕಾದ ಕಟ್ಟುಪಾಡು ನಮಗಿಲ್ಲ. ಆದರೆ ಯಾರದೋ ದೇಶದ ಪ್ರಾಸಿಕ್ಯೂಟರ್ ಬರೆದ ದೋಷಾರೋಪ ಪಟ್ಟಿ ಸಾಕು, ಸೈನ್ಯ ಕಳಿಸಬಹುದು ಅನ್ನುವುದಾದರೆ ಅಂಥ ಪಟ್ಟಿ ಬರೆಯುವ ಪ್ರಾಸಿಕ್ಯೂಟರ್‌ಗಳು ಬೀಜಿಂಗ್‌ನಲ್ಲೂ ಇದ್ದಾರೆ, ಮಾಸ್ಕೋದಲ್ಲೂ ಇದ್ದಾರೆ. ದಿಲ್ಲಿಯಲ್ಲಿ ಕೂತವರಿಗೆ ಇದು ಗೊತ್ತಿಲ್ಲದೆ ಇಲ್ಲ.

ಮ್ಯಾನ್‌ಹಟನ್ ಕೋರ್ಟಿನಲ್ಲಿ ಮೊದಲ ದಿನ ಮಡುರೊ ತಾನು ಯುದ್ಧಕೈದಿ ಎಂದರು. ಸುಮ್ನೆ ಹೇಳಿದ ಮಾತು ಅಂತ ಹಲವರು ನಕ್ಕರು. ಆದರೆ ನೊರಿಯೇಗ ಕೇಸಿನಲ್ಲಿ ಇದೇ ಮಾತಿಗೆ ಬೆಲೆ ಸಿಕ್ಕಿತ್ತು. 1992ರಲ್ಲಿ ಅವನಿಗೆ 40 ವರ್ಷ ಶಿಕ್ಷೆ ಕೊಟ್ಟ ನ್ಯಾಯಾಧೀಶರೇ ಅದೇ ವರ್ಷ ಜಿನೀವಾ ಒಪ್ಪಂದದ ಪ್ರಕಾರ ಅವನು ಯುದ್ಧಕೈದಿ ಎಂದು ಒಪ್ಪಿದರು. ಅದರಿಂದ ಬಿಡುಗಡೆ ಸಿಗಲಿಲ್ಲ. ಜೈಲಿನಲ್ಲಿ ಪ್ರತ್ಯೇಕ ಕೋಣೆ, ಬೇರೆ ಕೈದಿಗಳಿಗಿಲ್ಲದ ಕೆಲವು ಸವಲತ್ತು ಸಿಕ್ಕಿತು. ಶಿಕ್ಷೆ ಕಡಿತವಾಗಿ 2007ರ ಸೆಪ್ಟೆಂಬರ್‌ಗೆ ಅವನ ಅವಧಿ ಮುಗಿಯಿತು. ಅಷ್ಟರಲ್ಲಿ ಹಣ ಬಿಳಿ ಮಾಡಿದ ಕೇಸಿನಲ್ಲಿ ಫ್ರಾನ್ಸ್ ಅವನನ್ನು ಕೇಳಿತ್ತು. ಯುದ್ಧಕೈದಿಯನ್ನು ಅವನ ದೇಶಕ್ಕೇ ವಾಪಸ್ ಕಳಿಸಬೇಕು, ಇನ್ನೊಂದು ದೇಶಕ್ಕೆ ಅಲ್ಲ ಎಂದು ಅವನು ಕೋರ್ಟ್ ಹತ್ತಿದ. ಮೇಲ್ಮನವಿ, ಮತ್ತೆ ಮೇಲ್ಮನವಿ. ಸುಪ್ರೀಂ ಕೋರ್ಟ್ ತನಕ ಹೋಯಿತು. ಹಿಡಿದು ತರುವುದಕ್ಕೆ ಅಮೆರಿಕಕ್ಕೆ ಬೇಕಾದದ್ದು ಎರಡು ವಾರ. ಅವನನ್ನು ಕಾನೂನಿನ ಪ್ರಕಾರ ಪ್ಯಾರಿಸ್‌ಗೆ ಕಳಿಸುವಾಗ ಎರಡೂವರೆ ವರ್ಷ ಕಳೆದು 2010ರ ಏಪ್ರಿಲ್ ಆಗಿತ್ತು.